ಪ್ರತಿಕ್ರಿಯೆ: 18ರಿಂದ 25ರ ವಯಸ್ಸಿನವರಿಗೆ ಪ್ರತ್ಯೇಕ ಗುಂಪು ಬೇಕೇ?

ನಮಸ್ಕಾರ. ಟೈಪ್ 1 ಮಧುಮೇಹ ಇರುವವರ ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ತಂದೆತಾಯಿಗಳೇ ಹೆಚ್ಚು ಮಾತನಾಡುತ್ತಾರೆ, ಕಾಲೇಜಿಗೆ ಹೋಗುವವರು ಬಾಯಿ ಬಿಡುವುದಿಲ್ಲ, ಅವರಿಗಾಗಿ ಬೇರೆ ಗುಂಪು ಮಾಡಬೇಕೇ ಎಂದು ಕೇಳಿದ್ದೀರಿ. ಖಂಡಿತ ಮಾಡಿ. ಹಾಸ್ಟೆಲ್ ಮೆಸ್ಸಿನಲ್ಲಿ ಊಟ ತಡವಾದ ದಿನ ಉಳಿದವರು ಹೇಗೆ ನಿಭಾಯಿಸುತ್ತಾರೆ, ಹೆಣ್ಣು ನೋಡಲು ಬಂದವರಿಗೆ ಕಾಯಿಲೆಯ ವಿಷಯವನ್ನು ಯಾವ ಹಂತದಲ್ಲಿ ತಿಳಿಸಬೇಕು ಎಂಬ ಪ್ರಶ್ನೆಗಳನ್ನು ಯಾವ ಮಗಳೂ ತನ್ನ ತಂದೆ, ಚಿಕ್ಕಪ್ಪಂದಿರು ಓದುತ್ತಿರುವ ಜಾಗದಲ್ಲಿ ಕೇಳಲಾರಳು. ಮದ್ಯದ ವಿಷಯವಂತೂ ಇನ್ನೂ ಕಷ್ಟ. ಕುಡಿದಾಗ ಯಕೃತ್ತು ರಕ್ತಕ್ಕೆ ಗ್ಲೂಕೋಸ್ ಬಿಡುವುದು ಕಡಿಮೆಯಾಗಿ, ಎಷ್ಟೋ ಗಂಟೆಗಳ ನಂತರ, ನಿದ್ದೆಯಲ್ಲಿರುವಾಗಲೇ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು ಎಂಬುದನ್ನು ಬೈಯದೆ, ಉಪದೇಶ ಮಾಡದೆ ಹೇಳುವವರು ಅವರಿಗೆ ಬೇಕು.

ವಯಸ್ಸಿನ ಕೆಳಮಿತಿಯನ್ನು 18ಕ್ಕಿಂತ ಇಳಿಸಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಕಾನೂನು ಹಾಗಿರಲಿ, ಹದಿನೈದರ ಹುಡುಗಿಯೂ ಇಪ್ಪತ್ತನಾಲ್ಕರ ಅಪರಿಚಿತನೂ ಇಂಥ ಆಪ್ತ ಮಾತುಕತೆಯಲ್ಲಿ ಜೊತೆಗಿರುವುದು ನನಗೆ ಸರಿ ಕಾಣುವುದಿಲ್ಲ. ಮೇಲ್ಮಿತಿ ಸಡಿಲವಾಗಿರಲಿ, 25 ದಾಟಿದವರಲ್ಲಿ ಒಬ್ಬಿಬ್ಬರನ್ನು ನಿರ್ವಾಹಕರಾಗಿ ಉಳಿಸಿಕೊಳ್ಳಿ. ವಾಟ್ಸಾಪ್ ಗುಂಪುಗಳಲ್ಲಿ ಸಾಮಾನ್ಯವಾಗಿ ಮೊಬೈಲ್ ಸಂಖ್ಯೆ ಎಲ್ಲರಿಗೂ ಕಾಣುವುದರಿಂದ, ಅದನ್ನು ಮರೆಮಾಡಬಹುದಾದ ಟೆಲಿಗ್ರಾಂ ಮೇಲು. ಸೇರುವ ಮೊದಲೇ ಆ ಸೆಟ್ಟಿಂಗ್ ಬದಲಿಸಿಕೊಳ್ಳಲು ತಿಳಿಸಿ. ಪೋಷಕರನ್ನು ಸೇರಿಸಬೇಡಿ, ಆದರೆ ಇನ್ಸುಲಿನ್ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುವ ಸಲಹೆಯನ್ನು ಯಾರೂ ಯಾರಿಗೂ ಕೊಡಬಾರದು, ಅದಕ್ಕೆ ತಮ್ಮ ವೈದ್ಯರನ್ನೇ ಕೇಳಬೇಕು ಎಂಬ ನಿಯಮವನ್ನು ಮೊದಲ ದಿನವೇ ಪಿನ್ ಮಾಡಿಡಿ.