ಇಷ್ಟು ದೊಡ್ಡ ಆಕಾಶದಲ್ಲಿ ಎರಡು ಸೇನಾ ಸಾಗಣೆ ವಿಮಾನಗಳು ಡಿಕ್ಕಿಯಾಗುವುದು ಹೇಗೆ?

ತರಬೇತಿಯ ವೇಳೆ ಎರಡು ಭಾರಿ ವಿಮಾನಗಳು ಡಿಕ್ಕಿಯಾದರೆ ಅದು ಪೈಲಟ್‌ಗಳ ಅಜಾಗರೂಕತೆಯೇ ಅಲ್ಲವೇ, ಎಚ್ಚರಿಸುವ ಸಾಧನ ಇರುವುದಿಲ್ಲವೇ ಎಂದು ಕೇಳಿದ್ದೀರಿ. ವಾಯುಪಡೆಯಲ್ಲಿ ಹಲವು ವರ್ಷ ಸಾಗಣೆ ವಿಮಾನಗಳ ನೆಲದ ಸಿಬ್ಬಂದಿಯಾಗಿದ್ದವನು ನಾನು. ‘ಅಜಾಗರೂಕತೆ’ ಎಂಬ ಮಾತು ಕೇಳಿದಾಗ ಸಂಕಟವಾಗುತ್ತದೆ. ಆ ವಿಮಾನಗಳು ದಾರಿ ತಪ್ಪಿ ಹತ್ತಿರ ಬಂದಿರುವುದಿಲ್ಲ. ಹತ್ತಿರ ಹಾರುವುದೇ ಅಲ್ಲಿ ಕಲಿಯಬೇಕಾದ ಪಾಠ.

1992ರ ನವೆಂಬರ್ 30ರ ರಾತ್ರಿಯನ್ನೇ ನೋಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೆಕ್‌ಕಾರ್ಡ್ ವಾಯುನೆಲೆಯ ಸಿ-141ಬಿ ಸ್ಟಾರ್‌ಲಿಫ್ಟರ್ ಎಂಬ ಎರಡು ಸಾಗಣೆ ವಿಮಾನಗಳು ಮೊಂಟಾನ ರಾಜ್ಯದ ಹಾರ್ಲೆಮ್ ಎಂಬ ಸಣ್ಣ ಊರಿನ ಬಳಿ ಡಿಕ್ಕಿಯಾದವು. ಎರಡರಲ್ಲೂ ಸೇರಿ ಇದ್ದ 13 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರು ಹೋಗಿದ್ದದ್ದು ಆಕಾಶದಲ್ಲೇ ಇಂಧನ ತುಂಬಿಸಿಕೊಳ್ಳುವ ತರಬೇತಿಗೆ. ಈ ಕೆಲಸದಲ್ಲಿ ಇಂಧನ ಕೊಡುವ ಟ್ಯಾಂಕರ್ ವಿಮಾನ ಮುಂದೆ ಹಾರುತ್ತದೆ. ಇಂಧನ ಬೇಕಾದ ವಿಮಾನ ಅದರ ಹಿಂಬದಿಯ ಕೆಳಗೆ ಕೆಲವೇ ಮೀಟರ್ ಅಂತರಕ್ಕೆ ಬಂದು ನಿಲ್ಲಬೇಕು. ಸ್ಟಾರ್‌ಲಿಫ್ಟರ್‌ನಲ್ಲಿ ಇಂಧನದ ಬಾಯಿ ಕಾಕ್‌ಪಿಟ್‌ನ ಹಿಂದೆ, ನೆತ್ತಿಯ ಮೇಲಿದೆ. ಒಂದು ತುಂಬಿಸಿಕೊಳ್ಳುವಾಗ ಇನ್ನೊಂದು ತನ್ನ ಸರದಿಗೆ ಸಮೀಪದಲ್ಲೇ ಕಾಯುತ್ತದೆ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 49 ಮೀಟರ್ ಇರುವ ವಿಮಾನಗಳಿವು. ಘಟ್ಟ ಇಳಿಯುವ ತುಂಬಿದ ಲಾರಿ ಬ್ರೇಕಿಗೆ ತಡವಾಗಿ ಬಗ್ಗುವ ಹಾಗೆ, ಇವೂ ಎಂಜಿನ್ನಿನ ಬಲ ಏರಿಸಿ ಇಳಿಸುವ ಥ್ರಾಟಲ್‌ಗೆ ತಡವಾಗಿಯೇ ಬಗ್ಗುತ್ತವೆ.

ಇದಕ್ಕೆಲ್ಲ ಕತ್ತಲು ಸೇರಿಸಿ. ರಾತ್ರಿ ತರಬೇತಿ ಮುಗಿಸಿ ವಿಮಾನಗಳು ಮರಳುವಾಗ ನಾವು ಕೆಳಗೆ ನಿಂತು ದೀಪಗಳನ್ನು ಎಣಿಸುತ್ತಿದ್ದೆವು. ಎರಡು ದೀಪ ಕಂಡರೆ ಯಾವುದು ಮುಂದಿದೆ, ಯಾವುದು ಹಿಂದಿದೆ ಎಂದು ಬಹಳ ಹೊತ್ತು ತಿಳಿಯುತ್ತಿರಲಿಲ್ಲ. ಮೇಲಿದ್ದವರ ಕಣ್ಣೂ ನಮ್ಮಂಥದ್ದೇ ಕಣ್ಣು. ಗಾಜಿನಲ್ಲಿ ಅತ್ತಿತ್ತ ಸರಿಯುವ ದೀಪದಿಂದ ಅಷ್ಟು ಭಯವಿಲ್ಲ. ಒಂದೇ ಜಾಗದಲ್ಲಿ ನಿಂತಂತೆ ಕಾಣುತ್ತಾ ದೊಡ್ಡದಾಗುತ್ತಿರುವ ದೀಪವೇ ನೇರ ನಮ್ಮ ಮೇಲೆ ಬರುತ್ತಿರುವುದು. ಅದು ಅರಿವಾಗುವಷ್ಟರಲ್ಲಿ ಸಮಯ ಮೀರಿರುತ್ತದೆ.

ಹಗಲಾದರೂ ಅಪಾಯ ತಪ್ಪಿದ್ದಲ್ಲ. 1955ರ ಆಗಸ್ಟ್ 11ರಂದು ಪಶ್ಚಿಮ ಜರ್ಮನಿಯ ಎಡೆಲ್‌ವೈಲರ್ ಬಳಿ ಅಮೆರಿಕದ ಎರಡು ಸಿ-119 ಸಾಗಣೆ ವಿಮಾನಗಳು ತರಬೇತಿಯಲ್ಲೇ ಡಿಕ್ಕಿಯಾಗಿ 66 ಜನ ಸತ್ತರು. ನಮ್ಮ ವಾಯುಪಡೆಯ ಹಳಬರು ‘ಪ್ಯಾಕೆಟ್’ ಎಂದು ಕರೆಯುತ್ತಿದ್ದದ್ದು ಇದೇ ಜಾತಿಯ ವಿಮಾನವನ್ನು.

ಇನ್ನು ಎಚ್ಚರಿಸುವ ಸಾಧನದ ಮಾತು. 1997ರ ಸೆಪ್ಟೆಂಬರ್ 13ರಂದು ನಮೀಬಿಯಾ ಕರಾವಳಿಯಾಚೆ, ಸಮುದ್ರದ ಮೇಲೆ ಒಂದು ಸ್ಟಾರ್‌ಲಿಫ್ಟರ್ ಮತ್ತು ಜರ್ಮನ್ ವಾಯುಪಡೆಯ ಟುಪೊಲೆವ್-154 ವಿಮಾನ ಡಿಕ್ಕಿಯಾಗಿ 33 ಜನ ಸತ್ತರು. ಎರಡರಲ್ಲೂ ಆ ಸಾಧನವಿರಲಿಲ್ಲ. ಇದ್ದಿದ್ದರೆ ಅವರು ಬದುಕುತ್ತಿದ್ದರೆಂದು ನಾನು ನಂಬುತ್ತೇನೆ, ಏಕೆಂದರೆ ಅವು ಒಂದಕ್ಕೊಂದು ಅಪರಿಚಿತ ವಿಮಾನಗಳು. ಒಟ್ಟಾಗಿ ಹಾರುವವರ ಕಥೆ ಬೇರೆ. ಪಕ್ಕದಲ್ಲೇ ಇರಬೇಕಾದ ಜೊತೆಗಾರನನ್ನೂ ಸಾಧನ ಅಪಾಯವೆಂದೇ ಎಣಿಸಿ ಕೂಗುತ್ತದೆ. ಹಾರ್ಲೆಮ್ ಮೇಲಿನ ಆ ರಾತ್ರಿಯಂಥ ಕೆಲಸದಲ್ಲಿ ದೂರವನ್ನು ಅಳೆಯಬೇಕಾದದ್ದು ಪೈಲಟ್‌ನ ಕಣ್ಣೇ.