‘ನರ್ಸಿಂಗ್ ಸೇರಲಾ?’ ಮೊದಲು ಒಂದು ರಾತ್ರಿ ವಾರ್ಡ್‌ನಲ್ಲಿ ಕೂತು ಬಾ

ಪಿಯುಸಿ ಫಲಿತಾಂಶ ಬಂದ ಮೇಲೆ ನನಗೆ ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ. ‘ನರ್ಸಿಂಗ್‌ಗೆ ಸ್ಕೋಪ್ ಇದೆಯಾ ಮೇಡಂ?’ ಇದೆ. ಜನ ಕಾಯಿಲೆ ಬೀಳುವುದನ್ನು ನಿಲ್ಲಿಸಿಲ್ಲ. ಈ ಪ್ರಶ್ನೆಗೆ ಇನ್ನು ಮುಂದೆ ಉತ್ತರ ಕೊಡುವುದಿಲ್ಲ. ಈ ಸಲ ಒಂದು ಪತ್ರಕ್ಕೆ ಮಾತ್ರ ವಿವರವಾಗಿ ಬರೆಯುತ್ತೇನೆ. ಉಳಿದವರಿಗೆ ಕೊನೆಯಲ್ಲಿ ಚುಟುಕು ಉತ್ತರ, ಬೇಜಾರಾಗಬೇಡಿ.

ಪ್ರಶ್ನೆ: ದ್ವಿತೀಯ ಪಿಯುಸಿ ಸೈನ್ಸ್‌ನಲ್ಲಿ 71% ಬಂದಿದೆ. ನೀಟ್‌ನಲ್ಲಿ ಆಗಲಿಲ್ಲ. ನನಗೆ ಸೇವಾ ಮನೋಭಾವ ಇದೆ, ನರ್ಸಿಂಗ್ ಮಾಡೋಣ ಅಂತಿದ್ದೇನೆ. ಆದರೆ ರಕ್ತ ನೋಡಿದರೆ ತಲೆ ಸುತ್ತುತ್ತೆ. ಈ ಕೆಲಸಕ್ಕೆ ಮರ್ಯಾದೆ ಇಲ್ಲ ಅಂತ ಅಪ್ಪ ಹೇಳುತ್ತಾರೆ. ಪರಿಚಯದ ಏಜೆಂಟ್ ಒಬ್ಬರು ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಸೀಟು ಕೊಡಿಸುತ್ತಾರಂತೆ. ದಿನಾ ಕಾಲೇಜಿಗೆ ಬರಬೇಕಿಲ್ಲ, ಸ್ಕಾಲರ್‌ಶಿಪ್‌ನಲ್ಲೇ ಫೀಸ್ ಅಡ್ಜಸ್ಟ್ ಆಗುತ್ತೆ ಅನ್ನುತ್ತಾರೆ. ಸೇರಲಾ? (ಚನ್ನಗಿರಿ ಕಡೆಯ ವಿದ್ಯಾರ್ಥಿನಿ)

ನೀನು ನನ್ನ ಮೊಮ್ಮಗಳ ವಯಸ್ಸಿನವಳು. ನೀನು ಅಂತಲೇ ಬರೆಯುತ್ತೇನೆ.

ರಕ್ತದ ವಿಷಯ ಮೊದಲು ಮುಗಿಸೋಣ. ಅದು ಕಾರಣವೇ ಅಲ್ಲ. ತಿಂಡಿ ತಿನ್ನದೆ ಆಪರೇಷನ್ ಥಿಯೇಟರ್‌ಗೆ ಹೋಗಿ, ಮಂಡಿ ಬಿಗಿಹಿಡಿದು ಒಂದೇ ಕಡೆ ನಿಂತರೆ ಯಾರಿಗಾದರೂ ತಲೆ ಸುತ್ತುತ್ತೆ. ತಿಂದು ಹೋಗು, ಕಾಲು ಆಡಿಸುತ್ತಿರು, ಸುತ್ತು ಬಂದರೆ ಗೋಡೆ ಹಿಡಿದು ಕೂತುಬಿಡು. ಬಹಳ ಜನಕ್ಕೆ ಕೆಲವು ವಾರಗಳಲ್ಲಿ ಹೋಗುತ್ತೆ. ಮಕ್ಕಳು ಈ ಕೆಲಸ ಬಿಟ್ಟು ಓಡುವುದು ರಕ್ತಕ್ಕಲ್ಲ. ಕಫಕ್ಕೆ, ವಾಂತಿಗೆ, ಕೊಳೆತ ಹಾಸಿಗೆ ಹುಣ್ಣಿನ ವಾಸನೆಗೆ. ಎಲ್ಲಕ್ಕಿಂತ ಜಾಸ್ತಿ, ಬೆಳಗಿನ ಜಾವ ನಾಲ್ಕಕ್ಕೆ ಬೆನ್ನು ನೋಯುತ್ತಿರುವಾಗ ರೋಗಿಯ ಮಗ ಬಂದು ಏಕವಚನದಲ್ಲಿ ಬಯ್ಯುವುದಕ್ಕೆ.

ಅದಕ್ಕೇ ಒಂದು ಪರೀಕ್ಷೆ ಹೇಳುತ್ತೇನೆ. ನೆಂಟರಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಅವರ ಜೊತೆ ಉಳಿದುಕೊಳ್ಳಲು ನೀನು ಹೋಗು. ಸರ್ಕಾರಿ ಆಸ್ಪತ್ರೆಯಾದರೆ ಒಳ್ಳೆಯದು. ಒಂದೆರಡು ಹಗಲು, ಒಂದು ರಾತ್ರಿ. ಬೆಡ್ ಪ್ಯಾನ್ ನೀನೇ ಕೊಡು, ನೀನೇ ತೆಗೆ. ಮೈ ಒರೆಸು. ವಾಸನೆ ಬರುತ್ತೆ, ಅಸಹ್ಯ ಆಗುತ್ತೆ. ಆಗಲಿ, ನಮಗೂ ಆಗುತ್ತೆ. ನೋಡಬೇಕಾದದ್ದು ಅಸಹ್ಯ ಆದಾಗ ನಿನ್ನ ಮುಖ ಏನು ಮಾಡಿತು ಅನ್ನುವುದನ್ನು. ಹಾಸಿಗೆಯಲ್ಲಿರುವವರು ಅದನ್ನೇ ನೋಡುತ್ತಿರುತ್ತಾರೆ. ಮನೆಯಲ್ಲೇ ಹಾಸಿಗೆ ಹಿಡಿದ ಅಜ್ಜಿಯೋ ತಾತನೋ ಇದ್ದರೆ ಆಸ್ಪತ್ರೆವರೆಗೆ ಹೋಗುವುದೂ ಬೇಡ.

ಆ ರಾತ್ರಿ ವಾರ್ಡ್‌ನ ಸಿಸ್ಟರ್ ಮೇಲೆ ಕಣ್ಣಿಡು. ಎಷ್ಟು ಬೆಡ್‌ಗೆ ಒಬ್ಬರಿದ್ದಾರೆ, ಎಣಿಸು. ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕದಲ್ಲಿ ಸಾಮಾನ್ಯ ಆಸ್ಪತ್ರೆಯ ವಾರ್ಡ್‌ನಲ್ಲಿ 5 ರೋಗಿಗೆ ಒಬ್ಬರು, ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗೆ ಒಬ್ಬರು ಇರಬೇಕು. ನೀನು ಎಣಿಸಿದ್ದು ಎಷ್ಟು ಬಂತು ಅಂತ ನನಗೆ ಬರೆಯಬೇಡ, ಗೊತ್ತಿದೆ. ಸೇರಿದರೆ ನಿನ್ನ ಪಾಲಿಗೂ ಅಷ್ಟೇ ಬೆಡ್ ಬರುತ್ತವೆ ಅಂತ ತಿಳಿದುಕೊಂಡರೆ ಸಾಕು.

ಇನ್ನು ‘ಸೇವಾ ಮನೋಭಾವ’. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ. ಕಡಿಮೆ ಸಂಬಳ ಕೊಡುವವರ ಬಾಯಲ್ಲೇ ಇದನ್ನು ಜಾಸ್ತಿ ಕೇಳಿದ್ದೇನೆ. ಖಾಸಗಿ ಆಸ್ಪತ್ರೆ ನರ್ಸ್‌ಗಳ ಸಂಬಳದ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 2016ರಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆ ಇರುವ ಆಸ್ಪತ್ರೆ ರಾಜ್ಯ ಸರ್ಕಾರಿ ನರ್ಸ್‌ನಷ್ಟೇ ಸಂಬಳ ಕೊಡಬೇಕು, 50 ಹಾಸಿಗೆಗಿಂತ ಚಿಕ್ಕದಾದರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಅಂತ ಆ ಸಮಿತಿ ಹೇಳಿತು. ಅದು ಶಿಫಾರಸು ಅಷ್ಟೇ. ನಿಮ್ಮ ತಾಲ್ಲೂಕಿನ ಯಾವುದಾದರೂ ನರ್ಸಿಂಗ್ ಹೋಮ್‌ನ ಹುಡುಗಿಗೆ ಕೈಗೆ ಎಷ್ಟು ಬರುತ್ತೆ ಅಂತ ಕೇಳಿ ನೋಡು. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳಲ್ಲಿ ಇದೇ ಕೆಲಸಕ್ಕೆ ‘ನರ್ಸಿಂಗ್ ಆಫೀಸರ್’ ಅನ್ನುತ್ತಾರೆ, ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 44,900ರಿಂದ ಶುರು. ಅದಕ್ಕೆ ನಾರ್ಸೆಟ್ ಅನ್ನುವ ಪರೀಕ್ಷೆ ಇದೆ, ಪೈಪೋಟಿ ಜೋರಾಗಿದೆ. ಈ ಅಂತರ ಗೊತ್ತಿದ್ದು ಬಾ. ಸೇವೆ ಮಾಡುವವರಿಗೂ ಮನೆ ಬಾಡಿಗೆ ಇರುತ್ತೆ.

ಮನೋಭಾವಕ್ಕಿಂತ ನಿನ್ನಲ್ಲಿ ಬೇಕಾದದ್ದು ಬೇರೆ. ಹೆರಿಗೆಯಾಗಿ ಒಂದೆರಡು ಗಂಟೆಯಾದ ಬಾಣಂತಿ ಇದ್ದಾಳೆ ಅಂದುಕೋ. ಬಿಪಿ ಸರಿಯಾಗೇ ಇದೆ. ಆದರೆ 84 ಇದ್ದ ನಾಡಿ 112 ಆಗಿದೆ. ಮುಖ ಬಿಳಿಚಿದೆ, ಬಾಯಾರಿಕೆ ಅನ್ನುತ್ತಾಳೆ, ಸುಮ್ನೆ ಮಲಗುತ್ತಿಲ್ಲ. ‘ಸುಸ್ತು, ಮಲಗಿಕೊಳ್ಳಮ್ಮಾ’ ಅಂತ ಮುಂದೆ ಹೋಗುವವಳು ಒಬ್ಬಳು. ಹೊದಿಕೆ ಸರಿಸಿ ಪ್ಯಾಡ್ ನೋಡಿ, ಗರ್ಭಕೋಶ ಗಟ್ಟಿಯಾಗಿದೆಯಾ ಅಂತ ಹೊಟ್ಟೆ ಮುಟ್ಟಿ, ಡಾಕ್ಟರನ್ನು ಎಬ್ಬಿಸುವವಳು ಇನ್ನೊಬ್ಬಳು. ಎಳೆ ವಯಸ್ಸಿನ ದೇಹ ಬಹಳ ರಕ್ತ ಹೋಗುವವರೆಗೂ ಬಿಪಿಯನ್ನು ಹಿಡಿದಿಟ್ಟುಕೊಳ್ಳುತ್ತೆ. ಬಿಪಿ ಬೀಳಲಿ ಅಂತ ಕಾದರೆ ತಡವಾಗುತ್ತೆ. ಡಾಕ್ಟರ್ ರೌಂಡ್ಸ್‌ಗೆ ಬಂದು ಹೋಗುತ್ತಾರೆ, ಮಿಕ್ಕ ಹೊತ್ತು ರೋಗಿಯ ಹತ್ತಿರ ಇರುವವಳು ನೀನು. ನಿನ್ನ ಕಣ್ಣಿಗೆ ಬೀಳದಿದ್ದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಲೆಕ್ಕವೂ ಬೇಕು. 500 ಎಂಎಲ್ ಡ್ರಿಪ್ ನಾಲ್ಕು ಗಂಟೆಯಲ್ಲಿ ಹೋಗಬೇಕು. ಡ್ರಿಪ್ ಸೆಟ್‌ನ ಕೊಳವೆಯಲ್ಲಿ ಒಂದು ಎಂಎಲ್‌ಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ ಬಿಡುತ್ತೀಯ? ಮೊಬೈಲ್ ಮುಟ್ಟದೆ ಮಾಡು. 42ರ ಆಸುಪಾಸು ಬಂದರೆ ಸರಿ. ಇಂಥದ್ದನ್ನು ದಿನವೂ, ನಿದ್ದೆಗಣ್ಣಿನಲ್ಲೂ ಮಾಡಬೇಕು. ಪೊಟ್ಯಾಸಿಯಂ ಕ್ಲೋರೈಡನ್ನು ಡ್ರಿಪ್‌ನಲ್ಲಿ ಬೆರೆಸಿ ನಿಧಾನವಾಗಿ ಕೊಡಬೇಕು. ಬೆರೆಸದೆ ಹಾಗೇ ಸಿರಿಂಜ್‌ನಿಂದ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತೆ. ‘ನರ್ಸ್ ಅಂದ್ರೆ ಸೂಜಿ ಚುಚ್ಚೋರು’ ಅನ್ನುವವರಿಗೆ ಇದನ್ನು ಹೇಳು.

ನೀಟ್ ಆಗದೆ ನರ್ಸಿಂಗ್‌ಗೆ ಬರುವುದರಲ್ಲಿ ತಪ್ಪಿಲ್ಲ. ಅರ್ಧ ಡಾಕ್ಟರ್ ಆಗುತ್ತೇನೆ ಅಂತ ಬರಬೇಡ. ಮೊದಲ ವರ್ಷ ನಿನಗೆ ಹಾಸಿಗೆ ಹಾಸುವುದು, ಬೆನ್ನು ಒರೆಸುವುದು, ಜ್ವರ ನೋಡುವುದು ಕಲಿಸುತ್ತಾರೆ. ‘ಇದಕ್ಕಾ ನಾನು ಬಯಾಲಜಿ ಓದಿದ್ದು’ ಅಂತ ಅಳುವವರನ್ನು ತುಂಬಾ ಕಂಡಿದ್ದೇನೆ. ಅತ್ತುಕೊಂಡೇ ಮತ್ತೆ ನೀಟ್ ಕೋಚಿಂಗ್‌ಗೆ ಹೋಗುತ್ತಾರೆ, ಸೀಟು ಹಾಳು. ಇನ್ನೊಂದು ಸಲ ನೀಟ್ ಬರೆಯುವ ಆಸೆ ಇದ್ದರೆ ಮೊದಲು ಅದನ್ನು ಮುಗಿಸಿಕೋ.

ಈಗ ಆ ಏಜೆಂಟ್. ಅವನ ಜೊತೆ ಮಾತು ನಿಲ್ಲಿಸು. ಇಂದೇ.

‘ದಿನಾ ಬರಬೇಕಿಲ್ಲ’ ಅನ್ನುವುದಕ್ಕೆ ಈ ದಂಧೆಯಲ್ಲಿ ‘ನಾನ್ ಅಟೆಂಡಿಂಗ್’ ಅನ್ನುತ್ತಾರೆ. ನಿಯಮ ಏನು ಗೊತ್ತಾ? ಪರೀಕ್ಷೆಗೆ ಕೂರಬೇಕಾದರೆ ಥಿಯರಿ ಮತ್ತು ಪ್ರಾಕ್ಟಿಕಲ್ ಎರಡರಲ್ಲೂ 80% ಹಾಜರಾತಿ. ಪದವಿ ಕೈಗೆ ಬರಬೇಕಾದರೆ ವಾರ್ಡ್ ಡ್ಯೂಟಿಯಲ್ಲಿ ಪೂರ್ತಿ 100%. ಹಾಗಾದರೆ ಬರದೇ ಪಾಸಾದವರ ಹಾಜರಾತಿ ಯಾರು ಬರೆದರು? ಬೇರೆ ಕೆಲವು ಓದನ್ನು ಮನೆಯಲ್ಲಿ ಕೂತು ಮಾಡಬಹುದು, ಇದನ್ನಲ್ಲ. ಇಂಥವರು ಕ್ಯಾನುಲಾ (ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಲು ಬರದೆ ಒಂದೇ ಕೈಗೆ ಆರು ಸಲ ಚುಚ್ಚುವುದನ್ನು ನೋಡಿದ್ದೇನೆ. ಆ ಕೈ ನಾಳೆ ನಿಮ್ಮಪ್ಪನದ್ದೂ ಆಗಬಹುದು. ಸ್ಕಾಲರ್‌ಶಿಪ್ ಬರುವುದು ಸರ್ಕಾರದಿಂದ, ಅರ್ಹತೆ ಇದ್ದರೆ. ಏಜೆಂಟ್‌ನ ಜೇಬಿನಿಂದಲ್ಲ. ಅದು ಬರದೇ ಹೋದಾಗ ಫೀಸ್ ಕಟ್ಟುವವರೆಗೆ ಮಾರ್ಕ್ಸ್ ಕಾರ್ಡ್ ಕೊಡುವುದಿಲ್ಲ ಅಂತ ಕಾಲೇಜು ಕೂರುತ್ತೆ. ಮೂಲ ಅಂಕಪಟ್ಟಿಯನ್ನು ತೋರಿಸು, ನಕಲು ಕೊಡು, ಮೂಲವನ್ನು ವಾಪಸ್ ಇಸಿದುಕೋ.

ಪಿಸಿಬಿ (ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ) ಮತ್ತು ಇಂಗ್ಲಿಷ್ ಇದ್ದು 45% ಬಂದರೆ ಬಿಎಸ್ಸಿ ನರ್ಸಿಂಗ್‌ಗೆ ಅರ್ಹತೆ ಬಂತು. ನಿನಗೆ 71 ಇದೆ. ಸಿಇಟಿ ಬರೆದಿದ್ದೀಯ ತಾನೇ? ಸರ್ಕಾರಿ ಸೀಟುಗಳು ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಹಂಚಿಕೆಯಾಗುತ್ತವೆ. ಆ ದಾರಿಯಲ್ಲಿ ಹೋಗು.

ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡ, ಆಸ್ಪತ್ರೆ ನೋಡು. ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ಮುಖ್ಯವಾದದ್ದು ಇದೊಂದೇ. ಬಿಎಸ್ಸಿ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಇರಬೇಕು ಅಂತ ಪರಿಷತ್ತು ಕೇಳುತ್ತೆ. ಬೋರ್ಡ್ ಮೇಲೆ 100 ಬರೆಯುವುದು ಸುಲಭ. ಬೆಳಗ್ಗೆ ಹತ್ತಕ್ಕೆ ಹೋಗಿ ಹೊರರೋಗಿ ವಿಭಾಗದ ಮುಂದೆ ನಿಲ್ಲು. ಚೀಟಿ ಮಾಡಿಸುವ ಕಡೆ ಕ್ಯೂ ಇದೆಯಾ? ಎದುರಿನ ಟೀ ಅಂಗಡಿಯವರನ್ನು ಕೇಳು, ಅವರಿಗೆ ಎಲ್ಲ ಗೊತ್ತಿರುತ್ತೆ. ಖಾಲಿ ಹಾಸಿಗೆಯ ಮುಂದೆ ನಿಂತು ಯಾರೂ ನರ್ಸ್ ಆಗುವುದಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಗಳೂರಿನ ವೆನ್ಲಾಕ್, ಬೆಂಗಳೂರಿನ ವಿಕ್ಟೋರಿಯಾ, ವಾಣಿವಿಲಾಸದಂಥ ಕಡೆ ಡ್ಯೂಟಿ ಮಾಡಲು ಸಿಕ್ಕರೆ ಅದೇ ದೊಡ್ಡ ಭಾಗ್ಯ. ಆಮೇಲೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿಯ ಪಟ್ಟಿ, ರಾಜ್ಯ ನರ್ಸಿಂಗ್ ಪರಿಷತ್ತಿನ ಪಟ್ಟಿ, ಭಾರತೀಯ ಪರಿಷತ್ತಿನ ಪಟ್ಟಿ ಮೂರರಲ್ಲೂ ಆ ಕಾಲೇಜು ಇದೆಯಾ ನೋಡು. ಮೂರನೆಯದರಲ್ಲಿ ಇಲ್ಲದಿದ್ದರೆ ಬೇರೆ ರಾಜ್ಯಕ್ಕೆ, ವಿದೇಶಕ್ಕೆ ಹೋಗುವಾಗ ಪೇಚಾಡಬೇಕಾಗುತ್ತೆ.

ಅಪ್ಪನ ಮಾತು. ಮರ್ಯಾದೆ ಕಡಿಮೆ ಅನ್ನುವುದು ಸುಳ್ಳಲ್ಲ. ಕೋವಿಡ್‌ನಲ್ಲಿ ಚಪ್ಪಾಳೆ ತಟ್ಟಿದವರಲ್ಲೇ ಕೆಲವರು ನರ್ಸ್‌ಗಳಿಗೆ ಬಾಡಿಗೆ ಮನೆ ಖಾಲಿ ಮಾಡಿ ಅಂದರು. ಆದರೆ ತಿಂಗಳ ಕೊನೆಗೆ ತನ್ನ ಹೆಸರಿನ ಖಾತೆಗೆ ಸಂಬಳ ಬರುವ ಹೆಣ್ಣುಮಗಳಿಗೆ ಮನೆಯಲ್ಲಿ ಸಿಗುವ ಮರ್ಯಾದೆಯೂ ಒಂದಿದೆ, ಅದನ್ನೂ ಅಪ್ಪ ಲೆಕ್ಕಕ್ಕೆ ಹಿಡಿಯಲಿ. ರಾತ್ರಿ ಪಾಳಿ ಮುಗಿದ ಮೇಲೆ ಹಾಸ್ಟೆಲ್‌ಗೆ ಹೇಗೆ ಹೋಗುತ್ತೀಯ, ವಾಹನ ಇದೆಯಾ ಅಂತ ಅವರು ಕೇಳಿದರೆ ಅದು ಸರಿಯಾದ ಪ್ರಶ್ನೆ. ಕಾಲೇಜಿನವರನ್ನು ಅವರೇ ಕೇಳಲಿ.

ಆ ಒಂದು ರಾತ್ರಿ ಕಳೆದು, ಮನೆಗೆ ಬಂದು, ಸ್ನಾನ ಮಾಡಿ ಮಲಗಿ ಎದ್ದ ಮೇಲೂ ‘ಆಗುತ್ತೆ’ ಅನ್ನಿಸಿದರೆ ಸೇರು. ಅನ್ನಿಸದಿದ್ದರೆ ಲ್ಯಾಬ್, ರೇಡಿಯಾಲಜಿ, ಫಾರ್ಮಸಿ ಎಲ್ಲ ಇವೆ. ನಾಚಿಕೆ ಪಡುವಂಥದ್ದೇನಿಲ್ಲ.

ಇನ್ನು ಉಳಿದ ಪತ್ರಗಳಿಗೆ ಚುಟುಕಾಗಿ.

ಮಗ ನರ್ಸಿಂಗ್ ಓದುತ್ತೇನೆ ಅನ್ನುತ್ತಾನೆ. ಗಂಡು ಹುಡುಗರಿಗೆ ಆಗುತ್ತಾ?

ಆಗುತ್ತೆ. ವಾರ್ಡ್‌ನಲ್ಲಿ ‘ಬ್ರದರ್’ ಅಂತ ಕೂಗುವುದು ಕೇಳಿಲ್ವಾ? ಏಮ್ಸ್‌ನಲ್ಲಿ ಮಾತ್ರ 80% ಹುದ್ದೆ ಹೆಂಗಸರಿಗೆ ಅಂತ ಇದೆ, ಅದು ಗೊತ್ತಿರಲಿ.

ಆರ್ಟ್ಸ್ ಓದಿದ್ದೇನೆ. ಬಿಎಸ್ಸಿ ನರ್ಸಿಂಗ್ ಸಿಗುತ್ತಾ?

ಇಲ್ಲ. ಜಿಎನ್‌ಎಂ ಅನ್ನುವ ನರ್ಸಿಂಗ್ ಡಿಪ್ಲೊಮಾ ಮಾಡಿ, ಮೂರು ವರ್ಷ. ನೋಂದಣಿ ಆದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದೆ. ‘ಆರ್ಟ್ಸ್‌ಗೂ ಬಿಎಸ್ಸಿ ಕೊಡಿಸುತ್ತೇವೆ’ ಅನ್ನುವವರು ಯಾರೇ ಆಗಲಿ, ಫೋನ್ ಇಡಿ.

ಆರು ತಿಂಗಳ ನರ್ಸಿಂಗ್ ಕೋರ್ಸ್ ಮಾಡಿದರೆ ನರ್ಸ್ ಆಗಬಹುದಾ?

ಆಗುವುದಿಲ್ಲ. ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸದವರು ನರ್ಸ್ ಅಲ್ಲ, ಬಿಳಿ ಕೋಟು ಹಾಕಿದರೂ ಅಲ್ಲ. ಆರು ತಿಂಗಳಲ್ಲಿ ಸಹಾಯಕರಾಗಬಹುದು, ಅದೂ ಒಳ್ಳೆಯ ಕೆಲಸವೇ. ಆದರೆ ಅಂಥವರ ಕೈಗೆ ಇಂಜೆಕ್ಷನ್ ಕೊಡುವ ಕ್ಲಿನಿಕ್‌ಗಳ ಮೇಲೆ ಕೇಸು ಹಾಕಬೇಕು.

ಕನ್ನಡ ಮೀಡಿಯಂ. ಇಂಗ್ಲಿಷ್ ಭಯ.

ಪುಸ್ತಕ, ಪರೀಕ್ಷೆ, ಕೇಸ್ ಶೀಟ್ ಎಲ್ಲ ಇಂಗ್ಲಿಷ್‌ನಲ್ಲೇ. ಮೊದಲ ಆರು ತಿಂಗಳು ಕಷ್ಟ, ಆಮೇಲೆ ಕೈ ಕೂಡುತ್ತೆ. ‘ಎದೆ ಹಿಡಿದಂಗೆ ಆಗ್ತೈತಿ’ ಅಂತ ರೋಗಿ ಹೇಳಿದಾಗ ಅರ್ಥವಾಗದೆ ಪಕ್ಕದವರ ಮುಖ ನೋಡುವ ಸಿಸ್ಟರ್‌ಗಿಂತ ನೀನು ಮುಂದೆಯೇ ಇರುತ್ತೀಯ.

ಜರ್ಮನಿಯಲ್ಲಿ ಲಕ್ಷಗಟ್ಟಲೆ ಸಂಬಳವಂತೆ?

ಮೊದಲು ಇಲ್ಲಿ ನರ್ಸ್ ಆಗಿ. ಅಲ್ಲಿಗೆ ಜರ್ಮನ್ ಭಾಷೆ ಸಾಮಾನ್ಯವಾಗಿ ಬಿ2 ಮಟ್ಟದವರೆಗೆ ಬೇಕು, ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಅನ್ನುವ ನರ್ಸ್ ಪರವಾನಗಿ ಪರೀಕ್ಷೆ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಐದು ಲಕ್ಷ ಕೇಳುವವನು ಏಜೆಂಟ್ ಅಲ್ಲ, ಕಳ್ಳ. ಸೌದಿ, ಕುವೈತ್‌ನಂಥ ಇಸಿಆರ್ (ಹೋಗಲು ಸರ್ಕಾರದ ವಲಸೆ ಅನುಮತಿ ಬೇಕಾದ) ದೇಶಗಳಿಗಾದರೆ 2015ರಿಂದ ಸರ್ಕಾರ ಅನುಮತಿ ಕೊಟ್ಟ ಏಜೆನ್ಸಿಗಳ ಮೂಲಕವೇ ಹೋಗಬೇಕು.

ಕನ್ನಡಕ ಇದೆ, ಪರವಾಗಿಲ್ವಾ?

ಪರವಾಗಿಲ್ಲ. ಮುಂದೆ.

ಸೀಟು ಸಿಕ್ಕಿದೆ. ಸೇರುವ ಮೊದಲು ಏನು ಮಾಡಿಕೊಳ್ಳಬೇಕು?

ಹೆಪಟೈಟಿಸ್ ಬಿ ಲಸಿಕೆ. ಮಗುವಾಗಿದ್ದಾಗ ಹಾಕಿಸಿದ ದಾಖಲೆ ಇಲ್ಲದಿದ್ದರೆ ಈಗಲೇ ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ‘ಕಾಲೇಜಿನವರು ಹಾಕಿಸುತ್ತಾರೆ’ ಅಂತ ಕಾಯಬೇಡಿ. ವಾರ್ಡ್‌ನಲ್ಲಿ ಸೂಜಿ ಚುಚ್ಚಿಕೊಂಡರೆ ಸೋಪು ನೀರಲ್ಲಿ ತೊಳೆದು ತಕ್ಷಣ ಹೇಳಿ, ಬಯ್ಯುತ್ತಾರೆ ಅಂತ ಮುಚ್ಚಿಡಬೇಡಿ. ಎಚ್‌ಐವಿ ತಡೆಯುವ ಮಾತ್ರೆಯನ್ನು ಆದಷ್ಟು ಬೇಗ, ತಡವೆಂದರೆ 72 ಗಂಟೆಯೊಳಗೆ ಶುರು ಮಾಡಬೇಕು. ಮತ್ತೆ, ಮುಂದೆ ಮುಚ್ಚಿರುವ, ಜಾರದ ಶೂ ಒಂದು ಜೊತೆ.