ಮನೆಯಲ್ಲೇ ಮಾಡಿದ ಸಲಕರಣೆಗಳಿಂದ ಗಿಡಗಳ ಅಕ್ವೇರಿಯಂ ನಡೆಸಬಹುದೇ?

ನೀವು ಬರೆದದ್ದು ಇಷ್ಟು: ಎರಡಡಿ ಉದ್ದದ ತೊಟ್ಟಿ, ನೀವೇ ಜೋಡಿಸಿದ ಎಲ್‌ಇಡಿ ದೀಪ, ಸಕ್ಕರೆ ಮತ್ತು ಯೀಸ್ಟ್ ಬಾಟಲಿಯಿಂದ ಬರುವ ಇಂಗಾಲದ ಡೈಆಕ್ಸೈಡ್, ಏರ್ ಪಂಪಿನಿಂದ ನಡೆಯುವ ಸ್ಪಂಜ್ ಫಿಲ್ಟರ್. ಮೊದಲ ತಿಂಗಳು ಗಿಡಗಳು ಹುಲುಸಾಗಿ ಬೆಳೆದವು. ಈಗ ಎಲೆಗಳ ಅಂಚಿಗೆಲ್ಲ ಕಪ್ಪು ಕೂದಲಿನಂಥ ಪಾಚಿ ಹತ್ತಿದೆ. ಮನೆಯಲ್ಲಿ ಮಾಡಿದ್ದನ್ನೆಲ್ಲ ಎಸೆದು ಸಿದ್ಧ ಸಲಕರಣೆ ಕೊಳ್ಳಬೇಕೇ ಎಂಬುದು ಪ್ರಶ್ನೆ.

ಬೇಡ. ನಿಮ್ಮ ಮೂರು ಸಲಕರಣೆಗಳೂ ಒಂದೊಂದಾಗಿ ನೋಡಿದರೆ ಸರಿಯಾಗಿಯೇ ಇವೆ. ಆದರೆ ಒಂದು ಕಟ್ಟಿದ್ದನ್ನು ಇನ್ನೊಂದು ಕೆಡವುತ್ತಿದೆ. ಬಾಟಲಿ ನೀರಿಗೆ ಅನಿಲ ಸೇರಿಸುತ್ತಿರುವಾಗಲೇ ಸ್ಪಂಜ್ ಫಿಲ್ಟರಿನ ಗುಳ್ಳೆಗಳು ನೀರಿನ ಮೇಲ್ಮೈಯನ್ನು ಕಲಕಿ ಆ ಅನಿಲವನ್ನು ಹೊರಗೆ ಕಳುಹಿಸುತ್ತಿವೆ. ಅದರ ಮೇಲೆ ದೀಪ ದಿನಕ್ಕೆ ಹತ್ತು ಗಂಟೆ ಉರಿಯುತ್ತಿದೆ. ನಾನು ಹನ್ನೊಂದು ವರ್ಷಗಳಿಂದ ಇಂಥದ್ದೇ ತೊಟ್ಟಿ ಇಟ್ಟುಕೊಂಡಿದ್ದೇನೆ. ಕೊಂಡು ತಂದದ್ದು ಗಾಜು, ಏರ್ ಪಂಪ್, ಹೀಟರ್ ಮತ್ತು ಟೈಮರ್ ಮಾತ್ರ. ಈ ವರ್ಷಗಳಲ್ಲಿ ಕಲಿತದ್ದರಲ್ಲಿ ಮುಖ್ಯವಾದ ಮಾತು ಇದು: ಮನೆಯ ಸಲಕರಣೆಯ ದೌರ್ಬಲ್ಯ ಅದರ ಶಕ್ತಿಯಲ್ಲಿಲ್ಲ, ಏರಿಳಿತದಲ್ಲಿದೆ. ಆ ಏರಿಳಿತವನ್ನು ತಗ್ಗಿಸಿದರೆ ಉಳಿದದ್ದು ತಾನಾಗಿ ದಾರಿಗೆ ಬರುತ್ತದೆ.

ಮೊದಲು ದೀಪ. ಗಿಡಕ್ಕೆ ಎಷ್ಟು ಬೇಗ ಬೆಳೆಯಬೇಕೆಂದು ಹೇಳುವುದು ಬೆಳಕು. ಬೆಳಕು ಹೆಚ್ಚಾದಷ್ಟೂ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಸಿಯಂ, ಕಬ್ಬಿಣ ಎಲ್ಲವೂ ಅದೇ ವೇಗದಲ್ಲಿ ಬೇಕಾಗುತ್ತವೆ. ಯಾವುದು ಅತಿ ಕಡಿಮೆಯೋ ಅದೇ ಬೆಳವಣಿಗೆಯ ಮಿತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಹೊಲದ ಬೆಳೆಗಳಿಗಾಗಿ ಪ್ರಚಾರ ಮಾಡಿದ ಈ ಕನಿಷ್ಠದ ನಿಯಮ ನೀರೊಳಗಿನ ಗಿಡಕ್ಕೂ ಹಾಗೆಯೇ ಹೊಂದುತ್ತದೆ. ನೀರೊಳಗೆ ಕೊರತೆ ಬೀಳುವುದು ಬಹುಪಾಲು ಇಂಗಾಲಕ್ಕೇ, ಏಕೆಂದರೆ ಅನಿಲಗಳು ಗಾಳಿಗಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ಹರಡುತ್ತವೆ. ಗಿಡ ಹಸಿದು ನಿಂತಾಗ ಮಿಕ್ಕ ಬೆಳಕನ್ನು ಪಾಚಿ ಬಳಸಿಕೊಳ್ಳುತ್ತದೆ. ಆದ್ದರಿಂದ ಇಂದೇ ಟೈಮರ್ ಅನ್ನು ಆರು ಗಂಟೆಗೆ ಇಳಿಸಿ. ದೀಪವನ್ನು ನೀರಿನಿಂದ ಒಂದು ಗೇಣಿನಷ್ಟು ಮೇಲಕ್ಕೆ ಎತ್ತಿ ಕಟ್ಟಿ. ಎಲ್‌ಇಡಿ ಪಟ್ಟಿಗಳ ಬೆನ್ನಿಗೆ ಅಲ್ಯೂಮಿನಿಯಂ ಪಟ್ಟಿ ಇಲ್ಲದಿದ್ದರೆ ಈಗಲೇ ಹಾಕಿ. ಶಾಖ ಹೊರಹೋಗದಿದ್ದರೆ ಬಲ್ಬುಗಳು ತಿಂಗಳು ತಿಂಗಳಿಗೆ ಮಂಕಾಗುತ್ತವೆ, ನಿಮಗೆ ಅದು ಗೊತ್ತೇ ಆಗುವುದಿಲ್ಲ.

ಇನ್ನು ಬಾಟಲಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಏಕೆಂದರೆ ನಿಮ್ಮ ತೊಂದರೆಯ ಬೇರು ಇಲ್ಲಿದೆ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಸಕ್ಕರೆಯ ತೂಕದ ಸುಮಾರು ಅರ್ಧದಷ್ಟು ಅನಿಲವಾಗಿ ಬರುತ್ತದೆ. ಮೊದಲ ವಾರ ಗುಳ್ಳೆಗಳು ಓಡಿ ಬರುತ್ತವೆ. ಮೂರನೆಯ ವಾರದ ಹೊತ್ತಿಗೆ ಸಕ್ಕರೆ ತೀರುತ್ತಾ, ಆಲ್ಕೋಹಾಲ್ ಏರುತ್ತಾ, ಯೀಸ್ಟ್ ಸುಸ್ತಾಗಿ ನಿಮಿಷಕ್ಕೆ ನಾಲ್ಕೈದು ಗುಳ್ಳೆಗೆ ಇಳಿಯುತ್ತದೆ. ಆಗ ನೀವು ಹೊಸದಾಗಿ ತುಂಬುತ್ತೀರಿ, ಮತ್ತೆ ಜೋರು. ಕಪ್ಪು ಕೂದಲಿನ ಪಾಚಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಜೋಲಾಟ ಇರುವ ತೊಟ್ಟಿಗಳಲ್ಲೇ.

ಮದ್ದು ಸರಳ: ಒಂದರ ಬದಲು ಎರಡು ಬಾಟಲಿ ಇಡಿ, ಎರಡನ್ನೂ ಒಂದೇ ದಿನ ತುಂಬಬೇಡಿ. ಈ ಭಾನುವಾರ ಒಂದು, ಹತ್ತು ದಿನ ಬಿಟ್ಟು ಇನ್ನೊಂದು. ಒಂದು ಇಳಿಯುವಾಗ ಇನ್ನೊಂದು ಏರುತ್ತಿರುತ್ತದೆ, ಒಟ್ಟು ಹರಿವು ಹೆಚ್ಚುಕಡಿಮೆ ಸಮವಾಗಿ ಉಳಿಯುತ್ತದೆ. ನಾನು ಎರಡು ಲೀಟರಿನ ಬಾಟಲಿಗೆ 200 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಒಣ ಯೀಸ್ಟ್, ಒಂದು ಚಿಟಿಕೆ ಅಡುಗೆ ಸೋಡಾ ಮತ್ತು ಉಗುರುಬೆಚ್ಚಗಿನ ನೀರು ಸುಮಾರು 1.2 ಲೀಟರ್ ಹಾಕುತ್ತೇನೆ. ಯೀಸ್ಟ್ ಹೆಚ್ಚು ಹಾಕಿದರೆ ಅನಿಲ ಹೆಚ್ಚು ದಿನ ಬರುವುದಿಲ್ಲ, ಬೇಗ ಬಂದು ಬೇಗ ಮುಗಿಯುತ್ತದೆ. ತಂಪು ಪಾನೀಯ ಬಂದ ಪ್ಲಾಸ್ಟಿಕ್ ಬಾಟಲಿಯನ್ನೇ ಬಳಸಿ, ಅದು ಒತ್ತಡ ತಡೆಯಲೆಂದೇ ಮಾಡಿದ್ದು. ಗಾಜಿನ ಬಾಟಲಿ ಎಂದಿಗೂ ಬೇಡ.

ಮುಚ್ಚಳಕ್ಕೆ ಕೊಳವೆ ಕೂರಿಸುವಾಗ ಸಿಲಿಕೋನ್ ಬಳಿಯುವವರೇ ಹೆಚ್ಚು. ಮುಚ್ಚಳದ ಪ್ಲಾಸ್ಟಿಕ್ಕಿಗೆ ಸಿಲಿಕೋನ್ ಸರಿಯಾಗಿ ಹಿಡಿಯುವುದಿಲ್ಲ, ಕೆಲವು ದಿನಗಳಲ್ಲಿ ಸಿಪ್ಪೆಯಂತೆ ಏಳುತ್ತದೆ. ಕೊಳವೆಯ ದಪ್ಪಕ್ಕಿಂತ ಒಂದು ಕೂದಲಷ್ಟು ಸಣ್ಣ ತೂತು ಕೊರೆಯಿರಿ. ಕೊಳವೆಯ ತುದಿಯನ್ನು ಲೇಖನಿಯ ಮೊನೆಯಂತೆ ಓರೆಯಾಗಿ ಕತ್ತರಿಸಿ, ಆ ಮೊನೆಯನ್ನು ತೂತಿನಲ್ಲಿ ತೂರಿಸಿ, ಆಚೆಯಿಂದ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಕೊಳವೆ ಕಿರುಗುಟ್ಟುತ್ತಾ ಬಿಗಿಯಾಗಿ ಬಂದು ಕೂರುತ್ತದೆ. ಅಂಟೇ ಬೇಕಾಗುವುದಿಲ್ಲ. ಸಾಬೂನಿನ ನೀರು ಬಳಿದು ನೋಡಿ, ಒಂದು ಗುಳ್ಳೆಯೂ ಏಳಬಾರದು.

ಈ ಬಾಟಲಿಗಳ ಮತ್ತು ತೊಟ್ಟಿಯ ನಡುವೆ ನೀರು ತುಂಬಿದ ಇನ್ನೊಂದು ಪುಟ್ಟ ಬಾಟಲಿ ಇರಲೇಬೇಕು. ಅನಿಲ ಅದರ ತಳದಿಂದ ಗುಳ್ಳೆಯಾಗಿ ಎದ್ದು ಮೇಲಿನ ಕೊಳವೆಯಿಂದ ಮುಂದೆ ಹೋಗಬೇಕು. ಗುಳ್ಳೆ ಎಣಿಸಲೂ ಆಗುತ್ತದೆ, ಉಕ್ಕಿದ ನೊರೆಯೂ ಅಲ್ಲೇ ನಿಲ್ಲುತ್ತದೆ. ಎರಡನೆಯ ವರ್ಷ ನಾನು ಇದನ್ನು ಬಿಟ್ಟುಬಿಟ್ಟಿದ್ದೆ. ಒಂದು ಸೆಕೆಯ ರಾತ್ರಿ ಯೀಸ್ಟ್ ನೊರೆ ಉಕ್ಕಿ ಕೊಳವೆ ಹಿಡಿದು ತೊಟ್ಟಿಗೆ ಇಳಿಯಿತು. ಬೆಳಿಗ್ಗೆ ನೀರು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಟೆಟ್ರಾ ಮೀನುಗಳೆಲ್ಲ ಮೇಲ್ಮೈಗೆ ಬಾಯಿ ಹಚ್ಚಿ ನಿಂತಿದ್ದವು. ಸಕ್ಕರೆ ಸಿಕ್ಕ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನೆಲ್ಲ ಹೀರಿದ್ದವು. ಅರ್ಧ ನೀರು ಬದಲಿಸಿ, ಗಾಳಿ ಜೋರಾಗಿ ಬಿಟ್ಟೆ. ಆರು ಮೀನು ಉಳಿಯಲಿಲ್ಲ. ಅಂದಿನಿಂದ ಆ ಪುಟ್ಟ ಬಾಟಲಿಯಿಲ್ಲದೆ ಒಂದು ದಿನವೂ ಅನಿಲ ಬಿಟ್ಟಿಲ್ಲ. ಕೊಳವೆಯಲ್ಲಿ ನೀರು ಹಿಂದಕ್ಕೆ ಹರಿಯದಂತೆ ಒಮ್ಮುಖ ಕವಾಟವೂ ಇರಲಿ.

ಅನಿಲವನ್ನು ಕರಗಿಸಲು ತೊಟ್ಟಿಯೊಳಗೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲನ್ನು ಬೋರಲಾಗಿ ಅಂಟಿಸಿ, ಅದರ ಕೆಳಗೆ ಗುಳ್ಳೆ ಬಿಡಿ. ಅನಿಲ ಅಲ್ಲಿ ಸೆರೆಯಾಗಿ ನಿಂತು ನಿಧಾನವಾಗಿ ಕರಗುತ್ತದೆ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಕಟ್ಟಿಕೊಳ್ಳುವ ರಂಧ್ರವೇ ಇಲ್ಲ. ಬೆಳಕಿರುವ ಹೊತ್ತಿನಲ್ಲಿ ಸ್ಪಂಜ್ ಫಿಲ್ಟರಿನ ಗಾಳಿಯನ್ನು ಅರ್ಧಕ್ಕೆ ಇಳಿಸಿ, ದೀಪ ಆರಿದ ಮೇಲೆ ಪೂರ್ತಿ ಬಿಡಿ. ಯೀಸ್ಟಿಗೆ ಹಗಲು ರಾತ್ರಿ ಗೊತ್ತಿಲ್ಲ. ರಾತ್ರಿ ಗಿಡಗಳೂ ಆಮ್ಲಜನಕವನ್ನೇ ಬಳಸುತ್ತವೆ, ಬೆಳಗಿನ ಜಾವವೇ ಮೀನಿಗೆ ಕಷ್ಟದ ಹೊತ್ತು. ಗಾಳಿಯನ್ನು ಪೂರ್ತಿ ನಿಲ್ಲಿಸುವುದು ಮಾತ್ರ ಬೇಡ, ಸ್ಪಂಜಿನಲ್ಲಿರುವ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಬೇಕು.

ಅನಿಲ ಎಷ್ಟಿದೆ ಎಂದು ಕಣ್ಣಳತೆಯಲ್ಲಿ ಹೇಳಲಾಗದು. ಒಂದು ಲೀಟರ್ ಭಟ್ಟಿ ಇಳಿಸಿದ ನೀರಿಗೆ 1.2 ಗ್ರಾಂ ಅಡುಗೆ ಸೋಡಾ ಕರಗಿಸಿ. ಅದರಲ್ಲಿ 100 ಮಿಲಿ ತೆಗೆದು ಮತ್ತೆ ಭಟ್ಟಿ ಇಳಿಸಿದ ನೀರು ಸೇರಿಸಿ ಒಂದು ಲೀಟರ್ ಮಾಡಿ. ಇದು ನಾಲ್ಕು ಡಿಗ್ರಿ ಕಾರ್ಬೊನೇಟ್ ಗಡಸುತನದ ನೀರು. ಪುಟ್ಟ ಶೀಶೆಗೆ ಇದನ್ನು ಅರ್ಧ ತುಂಬಿ, ಆಮ್ಲೀಯತೆಗೆ ತಕ್ಕಂತೆ ಬಣ್ಣ ಬದಲಿಸುವ ಬ್ರೋಮೋಥೈಮಾಲ್ ಬ್ಲೂ ದ್ರಾವಣ ಮೂರು ಹನಿ ಹಾಕಿ, ತೊಟ್ಟಿಯ ನೀರು ಒಳಗೆ ಬೆರೆಯದಂತೆ, ನಡುವೆ ಗಾಳಿ ಉಳಿಯುವಂತೆ ನೀರೊಳಗೆ ಹಿಡಿದಿಡಬೇಕು. ಬಣ್ಣ ನೀಲಿಯಾದರೆ ಅನಿಲ ಕಡಿಮೆ. ಹಸಿರಾದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ, ಸರಿಯಿದೆ. ಹಳದಿಯಾದರೆ ಮೀನಿಗೆ ಅಪಾಯ. ಬಣ್ಣ ಒಂದೆರಡು ಗಂಟೆ ತಡವಾಗಿ ಬದಲಾಗುತ್ತದೆ ಎಂಬುದು ನೆನಪಿರಲಿ.

ಯಾವುದನ್ನು ಮನೆಯಲ್ಲಿ ಮಾಡಬೇಕು, ಯಾವುದನ್ನು ಕೊಳ್ಳಬೇಕು ಎಂದೂ ಕೇಳಿದ್ದೀರಿ. ನಾನು ನೋಡುವುದು ಒಂದೇ: ಅದು ಕೆಟ್ಟರೆ ನನಗೆ ಎಷ್ಟು ಹೊತ್ತು ಸಿಗುತ್ತದೆ? ನಡುವೆ ಆ ಪುಟ್ಟ ಬಾಟಲಿ ಇರುವ ಅನಿಲದ ಬಾಟಲಿ, ಸ್ಪಂಜ್ ಫಿಲ್ಟರ್, ದೀಪದ ಚೌಕಟ್ಟು ಕೆಟ್ಟರೆ ದಿನಗಟ್ಟಲೆ ಸಮಯವಿದೆ. ಹೀಟರ್ ಕೆಟ್ಟರೆ ಒಂದೇ ರಾತ್ರಿ. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ತೊಟ್ಟಿಯ ಹೊರಗಿಡುವ ಫಿಲ್ಟರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾಡಿದವರಿದ್ದಾರೆ. ಒಂದು ಕೀಲು ಸಡಿಲವಾದರೆ ತೊಟ್ಟಿಯ ನೀರೆಲ್ಲ ನೆಲಕ್ಕೆ ಬರುತ್ತದೆ, ಹಾಗಾಗಿ ಅದೂ ಬೇಡ ಎನ್ನುತ್ತೇನೆ. ದೀಪಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ ನೀರಿನ ಮೇಲೆ ಇರಬಾರದು. ಪ್ರತಿ ತಂತಿಯೂ ಪ್ಲಗ್ಗಿಗಿಂತ ಕೆಳಗೆ ಒಂದು ಸುತ್ತು ಜೋತುಬಿದ್ದು ಮೇಲಕ್ಕೆ ಹೋಗಲಿ, ತಂತಿಗುಂಟ ಇಳಿದ ನೀರು ಅಲ್ಲಿಂದ ತೊಟ್ಟಿಕ್ಕಿ ಬೀಳುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಮನೆಯ ವಿದ್ಯುತ್ ಫಲಕದಲ್ಲಿ ವಿದ್ಯುತ್ ಸೋರಿದೊಡನೆ ಹರಿವು ಕಡಿಯುವ ಸ್ವಿಚ್ ಇಲ್ಲದಿದ್ದರೆ ಮಿಕ್ಕ ಕೆಲಸ ಬಿಟ್ಟು ಮೊದಲು ಅದನ್ನು ಹಾಕಿಸಿ.

ವಿನ್ಯಾಸದ ವಿಷಯಕ್ಕೆ ಬಂದರೆ, ನೀವು ಕಳುಹಿಸಿದ ಚಿತ್ರದ ಮಾದರಿ ಜಪಾನಿನ ಅಕ್ವೇರಿಯಂ ವಿನ್ಯಾಸಕ ತಕಾಶಿ ಅಮಾನೊ (1954–2015) ಅವರ ಶೈಲಿಯದು. ಮುಂದೆಲ್ಲ ಹುಲ್ಲುಹಾಸು, ಬೆಸಸಂಖ್ಯೆಯ ಕಲ್ಲುಗಳು, ತೆರೆದ ಬಯಲು. ನನಗೂ ಅದು ಇಷ್ಟ. ಆದರೆ ಆ ಹುಲ್ಲುಹಾಸಿಗೆ ಪ್ರಬಲ ಬೆಳಕು, ಸಿಲಿಂಡರಿನಿಂದ ಬರುವ ಸ್ಥಿರವಾದ ಅನಿಲ ಬೇಕು. ಯೀಸ್ಟ್ ಬಾಟಲಿಯನ್ನು ನಂಬಿ ಅದನ್ನು ಬೆಳೆಸಹೊರಟರೆ ಮತ್ತೆ ದೀಪ ಹೆಚ್ಚಿಸುತ್ತೀರಿ, ಮತ್ತೆ ಪಾಚಿ. ಮುಂಭಾಗವನ್ನು ಬರಿಯ ಮರಳಾಗಿ ಬಿಡಿ. ಹಿಂದಕ್ಕೆ ವ್ಯಾಲಿಸ್ನೇರಿಯಾ, ಹೈಗ್ರೋಫಿಲಾ, ನಡುವೆ ಕ್ರಿಪ್ಟೊಕೊರೈನ್, ಮರದ ತುಂಡಿಗೆ ಜಾವಾ ಫರ್ನ್ ಮತ್ತು ಅನೂಬಿಯಾಸ್ ಅನ್ನು ದಾರದಿಂದ ಕಟ್ಟಿ. ಈ ಎರಡರ ದಪ್ಪ ಬೇರುಕಾಂಡವನ್ನು ಹೂತರೆ ಕೊಳೆಯುತ್ತದೆ. ಕ್ರಿಪ್ಟೊಕೊರೈನ್ ನೆಟ್ಟ ಒಂದೆರಡು ವಾರದಲ್ಲಿ ಎಲೆಯೆಲ್ಲ ಕರಗಿ ಹೋದರೆ ಕೀಳಬೇಡಿ, ಬೇರು ಜೀವಂತವಿರುತ್ತದೆ. ಕಲ್ಲು ಇಡುವ ಮೊದಲು ಅದರ ಮೇಲೆ ವಿನೆಗರ್ ಹನಿಸಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ನೀರಿನ ಗಡಸುತನ ಏರಿಸುತ್ತದೆ.

ತಳಕ್ಕೆ ಗೊಬ್ಬರ ಬೆರೆಸದ ತೋಟದ ಮಣ್ಣನ್ನು ಜರಡಿ ಹಿಡಿದು, ಮೂರ್ನಾಲ್ಕು ಸಲ ನೆನೆಸಿ ಒಣಗಿಸಿ, ಎರಡು ಸೆಂಟಿಮೀಟರ್ ಹರವಿ, ಮೇಲೆ ಮೂರು ಸೆಂಟಿಮೀಟರ್ ದಪ್ಪ ಮರಳು ಮುಚ್ಚಿದರೆ ಸಾಕು. ಕೆಲವು ತಿಂಗಳಲ್ಲಿ ಗಾಜಿನ ಅಂಚಿನಲ್ಲಿ ನೋಡಿ: ಬಿಳಿಯ ಬೇರುಗಳು ಮರಳನ್ನು ದಾಟಿ ಮಣ್ಣಿಗೆ ಇಳಿದು, ಅಲ್ಲಿ ಒಮ್ಮೆಲೇ ಕವಲೊಡೆದು ಹರಡಿರುತ್ತವೆ. ಆ ಗೆರೆಯನ್ನು ನೋಡುವಾಗ ನನಗೆ ಇಂದಿಗೂ ಸಂತೋಷವಾಗುತ್ತದೆ.

ನಿರ್ವಹಣೆ ವಾರಕ್ಕೆ ಮುಕ್ಕಾಲು ಗಂಟೆಯ ಕೆಲಸ. ಮೂರನೇ ಒಂದು ಭಾಗ ನೀರು ಬದಲಿಸಿ. ಒಂದು ದಿನ ನಿಲ್ಲಿಸಿದ ನೀರಿನಿಂದ ಕ್ಲೋರಿನ್ ಹೋಗುತ್ತದೆ, ಆದರೆ ಕೆಲವೆಡೆ ನಲ್ಲಿ ನೀರಿಗೆ ಅದರ ಬದಲು ಬೆರೆಸುವ ಕ್ಲೋರಮಿನ್ ಹೋಗುವುದಿಲ್ಲ, ಅದಕ್ಕೆ ಅದನ್ನು ನಿವಾರಿಸುವ ದ್ರಾವಣವೇ ಬೇಕು. ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿದಿರುತ್ತದೆ. ಅವುಗಳನ್ನು ಕ್ಲೋರಿನ್ ನೀರಿನಲ್ಲಿ ತೊಳೆದು ಕಳೆಯಬಾರದು. ಗೊಬ್ಬರದ ಲೆಕ್ಕವನ್ನು ಎಲೆಗಳೇ ಹೇಳುತ್ತವೆ: ಹಳೆಯ ಎಲೆ ಹಳದಿಯಾದರೆ ಸಾರಜನಕ ಕಡಿಮೆ, ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದರೆ ಪೊಟ್ಯಾಸಿಯಂ, ಹೊಸ ಎಲೆ ಬಿಳಚಿಕೊಂಡು ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣ.

ಈಗಿರುವ ಪಾಚಿಗೆ: ಹೆಚ್ಚು ಹತ್ತಿದ ಎಲೆಗಳನ್ನು ಬುಡದಿಂದ ಕತ್ತರಿಸಿ ತೆಗೆಯಿರಿ. ಮರದ ಮೇಲಿನದಕ್ಕೆ, ನೀರು ಬದಲಿಸುವಾಗ ಮರ ಹೊರಗೆ ಕಂಡಷ್ಟು ಹೊತ್ತು, ಮೂರು ಶೇಕಡಾ ಹೈಡ್ರೋಜನ್ ಪೆರಾಕ್ಸೈಡನ್ನು ಕುಂಚದಿಂದ ಹಚ್ಚಿ ಎರಡು ನಿಮಿಷ ಬಿಡಿ. ಕಪ್ಪಗೆ ಕಂಡರೂ ಅದು ಕೆಂಪು ಪಾಚಿಗಳ ವರ್ಗಕ್ಕೆ ಸೇರಿದ್ದು, ಸಾಯುವಾಗ ಗುಲಾಬಿ ಬಣ್ಣಕ್ಕೆ ತಿರುಗಿ ತನ್ನ ಕುಲ ತೋರಿಸುತ್ತದೆ. ಹಾಗೆ ಬಣ್ಣ ತಿರುಗಿದ ಮೇಲೆ ಸೀಗಡಿಗಳು ಅದನ್ನು ತಿನ್ನುತ್ತವೆ. ಮೂರು ವಾರ ದೀಪ, ಬಾಟಲಿ, ಗಾಳಿ ಯಾವುದನ್ನೂ ಮತ್ತೆ ಬದಲಿಸಬೇಡಿ. ಹಳೆಯ ಎಲೆಗಳು ಸರಿಹೋಗುವುದಿಲ್ಲ, ಅವುಗಳನ್ನು ನೋಡಿ ಧೈರ್ಯಗೆಡಬೇಡಿ. ಹೈಗ್ರೋಫಿಲಾದ ತುದಿಯಲ್ಲಿ ಹೊಸದಾಗಿ ಬಿಚ್ಚಿಕೊಂಡ ನಾಲ್ಕು ಎಲೆಗಳ ಅಂಚು ಶುಭ್ರವಾಗಿದೆಯೇ ಎಂದು ನೋಡಿ ಇಲ್ಲಿಯೇ ಬರೆಯಿರಿ, ದೀಪವನ್ನು ಏಳು ಗಂಟೆಗೆ ಏರಿಸಬಹುದೇ ಎಂದು ಆಗ ಹೇಳುತ್ತೇನೆ.